ಬೇಳೆ ಬೇಯದ ನೀರಲ್ಲಿ ರೇಷ್ಮೆ ಒಗೆಯಬೇಡಿ

ನೀವು ಕೇಳಿರುವುದು ಇಷ್ಟು: ಮದುವೆಗೆ ಉಡುಗೊರೆಯಾಗಿ ರೇಷ್ಮೆ ಬೆಡ್‌ಶೀಟು, ನಾಲ್ಕು ದಿಂಬಿನ ಕವರು, ರೇಷ್ಮೆ ತುಂಬಿದ ಒಂದು ರಜಾಯಿ ಬಂದಿವೆ. ದಾವಣಗೆರೆಯಲ್ಲಿ ಬಾಡಿಗೆ ಮನೆ, ಬೋರ್‌ವೆಲ್ ನೀರು. ಪ್ರತಿ ಸಲ ಡ್ರೈಕ್ಲೀನಿಂಗ್‌ಗೆ ಕೊಡಲು ಕೈಗೆಟುಕುವುದಿಲ್ಲ. ಮನೆಯಲ್ಲೇ ಒಗೆದರೆ ಹಾಳಾಗುತ್ತವಾ?

ಬೆಡ್‌ಶೀಟು, ದಿಂಬಿನ ಕವರು ಧಾರಾಳವಾಗಿ ಮನೆಯಲ್ಲೇ ಒಗೆಯಬಹುದು. ರಜಾಯಿಯನ್ನು ಮಾತ್ರ ನೀರಿಗೆ ಹಾಕಬೇಡಿ, ಅದರ ವಿಷಯ ಕೊನೆಗೆ ಹೇಳುತ್ತೇನೆ. ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣು ನಿಂತಿದ್ದು ‘ಬೋರ್‌ವೆಲ್ ನೀರು’ ಅನ್ನುವ ಮಾತಿನ ಮೇಲೆ. ಅದಕ್ಕೇ ಇಷ್ಟುದ್ದ ಬರೆಯಲು ಕೂತೆ.

ನನ್ನ ತವರು ಮೊಳಕಾಲ್ಮೂರು. ಮನೆಯಲ್ಲಿ ಮಗ್ಗ ಇತ್ತು, ರೇಷ್ಮೆ ನೂಲಿನ ನಡುವೆಯೇ ಬೆಳೆದವಳು ನಾನು. ಮದುವೆಯಾಗಿ ದಾವಣಗೆರೆಗೆ ಬಂದಾಗ ಚಿಕ್ಕಪ್ಪ ಕೆನೆ ಬಣ್ಣದ ರೇಷ್ಮೆ ಬೆಡ್‌ಶೀಟು ಕೊಟ್ಟರು. ರೇಷ್ಮೆ ಸೀರೆ ನೋಡಿಕೊಳ್ಳಲು ಬರುವವಳಿಗೆ ಇದೇನು ದೊಡ್ಡ ಕೆಲಸ ಅಂದುಕೊಂಡೆ. ಆದರೆ ಸೀರೆಯನ್ನು ನಾವು ಒಗೆಯುವುದೇ ಅಪರೂಪ. ಉಟ್ಟು ಬಂದ ಮೇಲೆ ನೆರಳಲ್ಲಿ ಹರವಿ, ಬೆವರು ಆರಿದ ಮೇಲೆ ಮಡಚಿಡುತ್ತೇವೆ. ಹಾಸಿಗೆಯ ಬಟ್ಟೆ ರಾತ್ರಿಯಿಡೀ ಮೈಯ ಬೆವರು, ತಲೆಯ ಎಣ್ಣೆ ಎರಡನ್ನೂ ಕುಡಿಯುತ್ತದೆ, ಮೇಲಿಂದ ಮೇಲೆ ನೀರು ಕಾಣಲೇಬೇಕು. ನಾನು ಬಕೆಟ್ಟಿಗೆ ಬೋರ್ ನೀರು ಬಿಟ್ಟು, ದಿನಬಳಕೆಯ ಸೋಪಿನ ಪುಡಿ ಹಾಕಿ, ಅರ್ಧ ಗಂಟೆ ನೆನೆಸಿ, ಚೆನ್ನಾಗಿ ಹಿಂಡಿ, ಏಪ್ರಿಲ್ ಬಿಸಿಲಿಗೆ ತಾರಸಿಯ ಮೇಲೆ ಒಣಹಾಕಿದೆ. ಐದಾರು ಸಲ ಹೀಗೆ ಮಾಡುವಷ್ಟರಲ್ಲಿ ಹೊಳಪು ಹೋಯಿತು, ಬಟ್ಟೆ ಬಿರುಸಾಯಿತು, ಕೆನೆ ಬಣ್ಣ ಮಾಸಲು ಹಳದಿಗೆ ತಿರುಗಿತು. ಒಂದು ರಾತ್ರಿ ಮಗ್ಗುಲು ಬದಲಿಸಿದಾಗ ಭುಜದ ಕೆಳಗೆ ಪರ್ರನೆ ಹರಿಯಿತು. ಬಹಳ ಸಂಕಟವಾಯಿತು.

ಅಪ್ಪ ಮನೆಗೆ ಬಂದಾಗ ಹರಿದ ಬಟ್ಟೆಯನ್ನು ತೋರಿಸಿದೆ. ಬೆರಳಿನಿಂದ ತಿಕ್ಕಿ ನೋಡಿದರು. ಯಾವ ಸೋಪು ಹಾಕಿದೆ ಅಂತ ಕೇಳಲೇ ಇಲ್ಲ.

‘ಈ ನೀರಲ್ಲಿ ಬೇಳೆ ಬೇಯುತ್ತೇನವ್ವಾ?’ ಅಂದರು.

ಉತ್ತರ ಕೊಟ್ಟಿದ್ದು ಒಳಗಿದ್ದ ನಮ್ಮತ್ತೆ. ‘ಎಲ್ಲಿ ಬೇಯುತ್ತೆ ಬೀಗರೇ, ನಾಲ್ಕು ಸೀಟಿ ಕೂಗಿದರೂ ತೊಗರಿಬೇಳೆ ಕಾಳು ಕಾಳೇ. ಅಡುಗೆಗೆ ನಲ್ಲಿ ನೀರೇ ಹಿಡಿದಿಡೋದು.’

ಅಪ್ಪನ ಪ್ರಶ್ನೆ ಹಳೆಯ ಕಾಲದ್ದಾದರೂ ಅದರ ಹಿಂದಿನ ಕಾರಣ ಸರಿಯಾದದ್ದೇ. ಬೇಳೆ ಬೇಯದಂತೆ ತಡೆಯುವುದು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ. ಇವು ಜಾಸ್ತಿ ಇರುವ ನೀರೇ ಗಡಸು ನೀರು, ಕಡಿಮೆ ಇದ್ದರೆ ಮೆದು ನೀರು. ಅದೇ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ನೀರಿನಲ್ಲಿ ಕರಗದ ಬಿಳಿ ಕೆನೆಯಾಗುತ್ತದೆ. ಹತ್ತಿ ಬಟ್ಟೆಯ ಮೇಲೆ ಅದು ಕೂತರೂ ಬೇಗ ಕಣ್ಣಿಗೆ ಬೀಳುವುದಿಲ್ಲ. ರೇಷ್ಮೆಗೆ ಹೊಳಪು ಬರುವುದು ಎಳೆಯ ಮೈ ನುಣುಪಾಗಿರುವುದರಿಂದ, ಆ ಮೈ ಮೇಲೆ ಸುಣ್ಣ ಕೂತರೆ ಬೆಳಕು ಮಂಕಾಗುತ್ತದೆ, ಕೈಗೆ ಒರಟು ಹತ್ತುತ್ತದೆ. ನಿಮ್ಮ ಗೀಸರಿನ ಒಳಗೆ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪಕ್ಕು ಕಟ್ಟಿದ್ದರೆ ರೇಷ್ಮೆಯ ಮೇಲೂ ಅದೇ ಕೂರುತ್ತದೆ ಅಂತ ತಿಳಿಯಿರಿ.

ದಾವಣಗೆರೆಯಲ್ಲಿರುವವರಿಗೆ ಒಂದು ಅನುಕೂಲ ಇದೆ. ನಲ್ಲಿಯಲ್ಲಿ ಬರುವುದು ತುಂಗಭದ್ರೆಯ ನೀರು, ಇಲ್ಲವೇ ಭದ್ರಾ ಕಾಲುವೆಯಿಂದ ತುಂಬಿಸುವ ಕುಂದವಾಡ ಕೆರೆಯಂಥ ಕೆರೆಗಳ ನೀರು. ಬೋರ್ ನೀರಿಗಿಂತ ಅದು ಎಷ್ಟೋ ಮೆದು. ನಲ್ಲಿ ಬಂದ ದಿನ ಎರಡು ಬಕೆಟ್ ಬೇರೆ ಎತ್ತಿಡಿ, ಬೆಡ್‌ಶೀಟು ಆವತ್ತೇ ಒಗೆಯಿರಿ. ನಲ್ಲಿ ಸಂಪರ್ಕವೇ ಇಲ್ಲದಿದ್ದರೆ ಮಳೆಗಾಲದಲ್ಲಿ ತಾರಸಿಯ ಮಳೆನೀರು ಹಿಡಿಯಿರಿ, ಅದಕ್ಕಿಂತ ಮೆದು ನೀರು ಬೇರೆ ಇಲ್ಲ. ಮೊದಲ ಐದು ನಿಮಿಷದ ಮಳೆ ಬಿಟ್ಟು ಹಿಡಿದರೆ ಧೂಳು ಇರುವುದಿಲ್ಲ. ಮೂರನೇ ದಾರಿ, ಬೋರ್ ನೀರನ್ನೇ ಹಿಂದಿನ ರಾತ್ರಿ ಚೆನ್ನಾಗಿ ಕುದಿಸಿ ಆರಲು ಬಿಡಿ. ಕುದಿಸಿದಾಗ ಗಡಸಿನ ಒಂದು ಭಾಗ ಸುಣ್ಣವಾಗಿ ತಳಕ್ಕೆ ಇಳಿಯುತ್ತದೆ. ಬೆಳಿಗ್ಗೆ ಪಾತ್ರೆ ಅಲುಗಾಡಿಸದೆ ಮೇಲಿನ ತಿಳಿನೀರು ಮಾತ್ರ ಬಗ್ಗಿಸಿಕೊಳ್ಳಿ. ಪೂರ್ತಿ ಗಡಸು ಹೋಗುವುದಿಲ್ಲ, ಆದರೂ ವ್ಯತ್ಯಾಸ ಕೈಗೇ ತಿಳಿಯುತ್ತದೆ. ಇಷ್ಟೆಲ್ಲ ಆಗದಿದ್ದರೆ ಕೊನೆಯ ಜಾಲಾಡುವಿಕೆಗಾದರೂ ಮೆದು ನೀರು ಇಟ್ಟುಕೊಳ್ಳಿ.

ಇನ್ನು ಸೋಪು. ಇಲ್ಲಿ ನನಗೇ ಬಹಳ ದಿನ ಒಂದು ಗೊಂದಲವಿತ್ತು. ಬಣ್ಣ ಹಾಕುವ ಮುಂಚೆ ಕಚ್ಚಾ ರೇಷ್ಮೆಯನ್ನು ಸೋಪು, ಸೋಡಾ ಹಾಕಿದ ನೀರಿನಲ್ಲಿ ಕಾಯಿಸುತ್ತಾರೆ. ಅಲ್ಲಿ ಆಗದ ಹಾನಿ ನನ್ನ ಬಕೆಟ್ಟಿನಲ್ಲಿ ಯಾಕೆ ಆಯಿತು? ಹುಳು ಗೂಡು ಕಟ್ಟುವಾಗ ಎಳೆಯ ಸುತ್ತ ಒಂದು ಅಂಟು ಸುರಿಸುತ್ತದೆ, ಅದಕ್ಕೆ ಸೆರಿಸಿನ್ ಅನ್ನುತ್ತಾರೆ. ಕಚ್ಚಾ ನೂಲಿನ ತೂಕದಲ್ಲಿ ಕಾಲು ಭಾಗದಷ್ಟು ಅದೇ ಇರುತ್ತದೆ. ಸೋಡಾ ಮೊದಲು ಕರಗಿಸುವುದು ಈ ಅಂಟನ್ನು, ಅದು ಹೋದ ಮೇಲೆಯೇ ಒಳಗಿನ ಫೈಬ್ರಾಯಿನ್ ಎಳೆ ಹೊಳೆಯುವುದು. ಆ ಕೆಲಸ ಬಲ್ಲವರು ಅಳತೆ ನೋಡಿ, ಹೊತ್ತು ನೋಡಿ, ಒಂದೇ ಸಲಕ್ಕೆ ಮುಗಿಸುತ್ತಾರೆ. ನಮ್ಮ ಮಂಚದ ಮೇಲಿನ ರೇಷ್ಮೆಗೆ ಆ ಅಂಟಿನ ಕವಚ ಇಲ್ಲ. ಈಗ ಸೋಡಾ ಬಿದ್ದರೆ ಅದು ಕೈ ಹಾಕುವುದು ನೇರವಾಗಿ ಎಳೆಗೇ, ಅದೂ ಪ್ರತಿ ಒಗೆತಕ್ಕೆ.

ರೇಷ್ಮೆ ಅಂದರೆ ಪ್ರೋಟೀನು, ನಮ್ಮ ತಲೆಗೂದಲಿನ ಹಾಗೆ. ಬಟ್ಟೆ ಸೋಪಿನ ಪುಡಿಯಲ್ಲಿ ಸೋಡಾದಂಥ ಕ್ಷಾರ ಜಾಸ್ತಿ. ಹಲವು ಪುಡಿಗಳಲ್ಲಿ ರಕ್ತ, ಹಾಲು, ಮೊಟ್ಟೆಯ ಕಲೆ ಕರಗಿಸಲು ಎನ್‌ಜೈಮ್ ಕೂಡ ಸೇರಿಸಿರುತ್ತಾರೆ. ಅಂಥ ಎನ್‌ಜೈಮಿಗೆ ಹಾಲಿನ ಪ್ರೋಟೀನು, ರೇಷ್ಮೆಯ ಪ್ರೋಟೀನು ಅಂತ ಭೇದವಿಲ್ಲ. ಕ್ಲೋರಿನ್ ಬ್ಲೀಚಂತೂ ರೇಷ್ಮೆಯನ್ನು ಹಳದಿ ಮಾಡಿ ಕರಗಿಸಿಯೇ ಬಿಡುತ್ತದೆ, ಒಂದು ಹನಿಯೂ ಬೇಡ. ಉಣ್ಣೆ, ರೇಷ್ಮೆಗೆ ಅಂತಲೇ ಮಾರುವ ಲಿಕ್ವಿಡ್ ತನ್ನಿ. ಅದು ಸಿಗದ ದಿನ ಮಕ್ಕಳ ಶಾಂಪೂ ಒಂದು ಚಮಚ ಸಾಕು. ಅಂಟುವಾಳ ಕಾಯಿಯೂ ಒಳ್ಳೆಯದೇ, ನಮ್ಮಮ್ಮ ಗಾಢ ಬಣ್ಣದ ರೇಷ್ಮೆಗೆ ಇವತ್ತಿಗೂ ಅದನ್ನೇ ಬಳಸುವುದು. ಆದರೆ ಅದರ ಕಷಾಯ ಕಂದು, ಬಿಳಿ ಅಥವಾ ಕೆನೆ ಬಣ್ಣಕ್ಕೆ ಛಾಯೆ ಹಿಡಿಯುತ್ತದೆ. ನಿಮ್ಮದು ತಿಳಿ ಬಣ್ಣವಾದರೆ ಅದು ಬೇಡ.

ಇಷ್ಟಕ್ಕೂ ಮುಂಚೆ ಅದು ನಿಜವಾದ ರೇಷ್ಮೆಯೇ ಅಂತ ನೋಡಿಕೊಳ್ಳಿ. ಚೌಕಿಪೇಟೆಯಲ್ಲೂ ಆನ್‌ಲೈನಿನಲ್ಲೂ ‘ಸಿಲ್ಕ್ ಸ್ಯಾಟಿನ್’ ಅಂತ ಸಿಗುವುದರಲ್ಲಿ ಬಹಳಷ್ಟು ಪಾಲಿಯೆಸ್ಟರ್. ಸ್ಯಾಟಿನ್ ಅನ್ನುವುದು ನೇಯ್ಗೆಯ ಹೆಸರು, ನೂಲಿನ ಹೆಸರಲ್ಲ. ಹೊಲಿಗೆಯ ಒಳಗಿಂದ ಎರಡು ಎಳೆ ಕಿತ್ತು ಇಕ್ಕಳದಲ್ಲಿ ಹಿಡಿದು ಸುಡಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್, ಅದಕ್ಕೆ ಈ ಯಾವ ಕಷ್ಟವೂ ಬೇಕಿಲ್ಲ. ಲೇಬಲ್ಲಿನಲ್ಲಿ 19 ಮೊಮ್ಮೆ, 22 ಮೊಮ್ಮೆ ಅಂತ ಇದ್ದರೆ ಅದು ಬಟ್ಟೆಯ ತೂಕ. 22 ಅಂದರೆ ಚದರ ಮೀಟರಿಗೆ ಸುಮಾರು 95 ಗ್ರಾಂ. ಅಂಕಿ ಕಡಿಮೆಯಾದಷ್ಟೂ ಬಟ್ಟೆ ತೆಳು, ಅಷ್ಟೇ ಹಗುರ ಕೈ ಬೇಕು.

ಒಗೆಯುವುದು ಬೆಳಿಗ್ಗೆ ಬೇಗ ಇಟ್ಟುಕೊಳ್ಳಿ. ನಮ್ಮೂರ ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಮೇಲಿನ ಟ್ಯಾಂಕಿನ ನೀರು ಕೈ ಸುಡುತ್ತದೆ, ರೇಷ್ಮೆಗೆ 30 ಡಿಗ್ರಿ ದಾಟಿದ ನೀರು ಬೇಡ. ಬಣ್ಣದ ಬಟ್ಟೆಯಾದರೆ ಮೊದಲ ಸಲ ಒಂದು ಮೂಲೆಯನ್ನು ಒದ್ದೆ ಬಿಳಿ ಬಟ್ಟೆಯಿಂದ ಒತ್ತಿ ನೋಡಿ. ಬಣ್ಣ ಬಿಟ್ಟರೆ ಮನೆಯಲ್ಲಿ ಒಗೆಯುವ ಸಾಹಸ ಬೇಡ. ಬಿಡದಿದ್ದರೆ ದೊಡ್ಡ ಟಬ್ಬಿನ ನೀರಿಗೆ ಲಿಕ್ವಿಡ್ ಕಲಸಿ, ಆಮೇಲೆ ಬಟ್ಟೆ ಇಳಿಸಿ. ಐದು ನಿಮಿಷ, ಬಹಳವೆಂದರೆ ಹತ್ತು. ಅಂಗೈಯಿಂದ ಒತ್ತಿ ಒತ್ತಿ ಬಿಡಿ. ಬ್ರಷ್ ಬೇಡ, ಒಗೆಯುವ ಕಲ್ಲಿನ ಹತ್ತಿರವೂ ಒಯ್ಯಬೇಡಿ. ಒದ್ದೆಯಾದ ರೇಷ್ಮೆಯ ಬಲ ಕಡಿಮೆ, ಕುಕ್ಕಿದರೆ ತಾಳುವುದಿಲ್ಲ. ನೊರೆ ಹೋಗುವ ತನಕ ಜಾಲಾಡಿ, ಕೊನೆಯ ಬಕೆಟ್ಟಿಗೆ ಎರಡು ಚಮಚ ಬಿಳಿ ವಿನೆಗರ್ ಹಾಕಿ ಒಂದು ಸಲ ಅದ್ದಿ, ಮತ್ತೆ ಸಾದಾ ನೀರಿನಲ್ಲಿ ತೆಗೆಯಿರಿ. ಉಳಿದ ಕ್ಷಾರವನ್ನೂ ಸುಣ್ಣದ ಪಸೆಯನ್ನೂ ವಿನೆಗರ್ ಬಿಡಿಸುತ್ತದೆ. ಗಡಸು ನೀರಿನ ಊರಲ್ಲಿ ಈ ಎರಡು ಚಮಚ ನನ್ನ ಎರಡನೇ ರೇಷ್ಮೆ ಬೆಡ್‌ಶೀಟನ್ನು ಕಾಪಾಡಿದೆ, ಹನ್ನೊಂದು ವರ್ಷವಾಯಿತು, ಇನ್ನೂ ಮಂಚದ ಮೇಲಿದೆ.

ಹಿಂಡಬೇಡಿ. ದೊಡ್ಡ ಟರ್ಕಿ ಟವೆಲ್ ಹಾಸಿ, ಅದರ ಮೇಲೆ ಬೆಡ್‌ಶೀಟು ಹರವಿ, ಚಾಪೆ ಸುತ್ತಿದ ಹಾಗೆ ಸುತ್ತಿ ಒತ್ತಿದರೆ ನೀರೆಲ್ಲ ಟವೆಲಿಗೆ ಹೋಗುತ್ತದೆ. ಮಷೀನು ಫ್ರಂಟ್ ಲೋಡ್ ಇದ್ದರೆ ಜಾಲರಿ ಚೀಲದಲ್ಲಿ ಹಾಕಿ ಡೆಲಿಕೇಟ್‌ನಲ್ಲಿ, ತಣ್ಣೀರಿನಲ್ಲಿ, ಅತಿ ಕಡಿಮೆ ಸ್ಪಿನ್‌ನಲ್ಲಿ ಒಗೆಯಬಹುದು. ಜೀನ್ಸ್, ಝಿಪ್ಪಿನ ಬಟ್ಟೆ ಜೊತೆಗಿರಬಾರದು. ಟಾಪ್ ಲೋಡ್ ಆದರೆ ನನ್ನ ಮಾತು ಕೇಳಿ, ಕೈಯಲ್ಲೇ ಒಗೆಯಿರಿ.

ಒಣಗಿಸುವುದು ನೆರಳಲ್ಲಿ. ಬಿಸಿಲು ಬಟ್ಟೆಗೆ ಒಳ್ಳೆಯದು ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿ, ಹತ್ತಿಗೆ ಅದು ನಿಜವೂ ಹೌದು. ರೇಷ್ಮೆಯನ್ನು ಮಾತ್ರ ಬಿಸಿಲಿನ ನೇರಳಾತೀತ ಕಿರಣ ಹಳದಿಯಾಗಿಸಿ ಎಳೆಯನ್ನು ದುರ್ಬಲ ಮಾಡುತ್ತದೆ. ನಡುಮನೆಯಲ್ಲಿ ಫ್ಯಾನ್ ಹಾಕಿ ಒಣಗಿಸಿ. ತಂತಿಯ ಮೇಲೆ ಹಾಕುವುದಾದರೆ ಮೊದಲು ಹಳೆಯ ಪಂಚೆ ಹಾಸಿ, ತುಕ್ಕಿನ ಕಲೆ ಹತ್ತಿದರೆ ಹೋಗುವುದಿಲ್ಲ. ಇಸ್ತ್ರಿ ಮಾಡಬೇಕಾದರೆ ತುಸು ಹಸಿ ಇರುವಾಗಲೇ ಒಳಮೈ ಮೇಲೆ ಮಾಡಿ, ಸಿಲ್ಕ್ ಗುರುತಿನ ಶಾಖದಲ್ಲಿ. ಪೂರ್ತಿ ಒಣಗಿದ ಮೇಲೆ ನೀರು ಚಿಮುಕಿಸಿದರೆ ಹನಿ ಬಿದ್ದಲ್ಲೆಲ್ಲ ಗುರುತು ಉಳಿಯುತ್ತದೆ.

ನಮ್ಮ ಮನೆಗಳಲ್ಲಿ ದಿಂಬಿನ ಕವರಿಗೆ ದೊಡ್ಡ ಶತ್ರು ಕೊಬ್ಬರಿ ಎಣ್ಣೆ. ಎಣ್ಣೆ ಹಚ್ಚಿಕೊಂಡ ರಾತ್ರಿ ಕವರಿನ ಮೇಲೆ ಹತ್ತಿ ಟವೆಲ್ ಹಾಸಿಕೊಳ್ಳಿ. ಕಲೆ ಆಗಿಬಿಟ್ಟರೆ ಟಾಲ್ಕಂ ಪೌಡರ್ ಉದುರಿಸಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಕೊಡವಿ, ಆಮೇಲೆ ಒಗೆಯಿರಿ. ರಕ್ತದ ಕಲೆಗೆ ತಣ್ಣೀರು ಮಾತ್ರ, ಬಿಸಿನೀರು ಬಿದ್ದರೆ ಅದು ಅಲ್ಲೇ ಕಚ್ಚಿಕೊಳ್ಳುತ್ತದೆ. ಅರಿಸಿನದ ಕಲೆ ಕಷ್ಟ. ರೇಷ್ಮೆಗೆ ಅರಿಸಿನದಿಂದಲೇ ಬಣ್ಣ ಕಟ್ಟಬಹುದು, ಅಷ್ಟು ಗಟ್ಟಿಯಾಗಿ ಹಿಡಿಯುತ್ತದೆ. ಸೋಪು ತಾಗಿ ಕೆಂಪಾದರೆ ಗಾಬರಿಯಾಗಬೇಡಿ, ಕ್ಷಾರಕ್ಕೆ ಅರಿಸಿನ ಹಾಗೇ ತಿರುಗುವುದು, ನಿಮ್ಮ ಸೋಪಿನಲ್ಲಿ ಕ್ಷಾರ ಇದೆ ಅಂತ ಅದೇ ಹೇಳಿಕೊಟ್ಟಂತಾಯಿತು. ಅದನ್ನು ತಿಕ್ಕಿ ತೆಗೆಯಲು ಹೋದರೆ ಬಟ್ಟೆ ಹೋಗುತ್ತದೆ, ಮೆಲ್ಲಗೆ ಮಾಸಲು ಬಿಡಿ.

ದಿಂಬಿನ ಕವರು ವಾರಕ್ಕೊಮ್ಮೆ, ಬೆಡ್‌ಶೀಟು ಹತ್ತು ಹದಿನೈದು ದಿನಕ್ಕೊಮ್ಮೆ ಒಗೆದರೆ ಸರಿ. ಬೆವರು ಉಳಿದಷ್ಟೂ ಎಳೆ ಸವೆಯುತ್ತದೆ, ಹಾಗಾಗಿ ಹಾಳಾದೀತು ಅಂತ ಒಗೆಯದೆ ಇಡುವುದೂ ತಪ್ಪೇ. ಎತ್ತಿಡುವಾಗ ಪ್ಲಾಸ್ಟಿಕ್ ಬೇಡ, ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿ. ನುಸಿಗುಳಿಗೆ ಬಟ್ಟೆಗೆ ನೇರ ತಾಗದಿರಲಿ. ಎರಡು ಮೂರು ತಿಂಗಳಿಗೊಮ್ಮೆ ತೆಗೆದು ಮಡಿಕೆ ಬದಲಿಸಿ, ಒಂದೇ ಮಡಿಕೆಯಲ್ಲಿ ಬಿಟ್ಟರೆ ಅದೇ ಗೆರೆಯಲ್ಲಿ ಸೀಳುತ್ತದೆ. ಮೊಳಕಾಲ್ಮೂರಿನಲ್ಲಿ ಪ್ರತಿ ಮನೆಯ ಹೆಂಗಸರೂ ಸೀರೆಗೆ ಮಾಡುವುದು ಇದನ್ನೇ.

ರಜಾಯಿಯ ಒಳಗೆ ಇರುವುದು ನೇಯ್ದ ಬಟ್ಟೆಯಲ್ಲ, ಪದರ ಪದರವಾಗಿ ಎಳೆದು ಹರಡಿದ ರೇಷ್ಮೆ. ನೀರು ಕುಡಿದರೆ ಅದು ಮುದುಡಿ ಗಂಟು ಕಟ್ಟುತ್ತದೆ, ಮತ್ತೆ ಹರಡಲು ಮನೆಯಲ್ಲಿ ಆಗುವುದಿಲ್ಲ. ಅದಕ್ಕೆ ಹತ್ತಿಯ ಗವಸು ಹೊಲಿಸಿ, ನಾಲ್ಕು ಮೂಲೆಗೂ ಲಾಡಿ ಇಟ್ಟು ಒಳಗೆ ಕಟ್ಟಿ, ಗವಸನ್ನು ಮಾತ್ರ ಒಗೆಯುತ್ತಿರಿ. ಏನಾದರೂ ಚೆಲ್ಲಿದರೆ ಒದ್ದೆ ಬಟ್ಟೆಯಿಂದ ಆ ಜಾಗವನ್ನಷ್ಟೇ ಒತ್ತಿ ತೆಗೆದು ಫ್ಯಾನಿನ ಕೆಳಗೆ ಆರಿಸಿ. ಮಳೆಗಾಲ ಮುಗಿದ ಮೇಲೆ, ಚಳಿಗೆ ಹೊದೆಯುವ ಮುಂಚೆ, ಗಾಳಿಯಾಡುವ ನೆರಳಿನಲ್ಲಿ ಒಂದು ಹಗಲು ಹರವಿ. ಡ್ರೈಕ್ಲೀನಿಂಗ್ ದುಡ್ಡನ್ನು ಉಳಿಸಿಟ್ಟುಕೊಂಡು, ಎರಡು ಮೂರು ವರ್ಷಕ್ಕೊಮ್ಮೆ ಈ ರಜಾಯಿಗೆ ಮಾತ್ರ ಖರ್ಚು ಮಾಡಿ.