ಓದುಗರ ಪ್ರಶ್ನೆ, ವೈದ್ಯರ ಉತ್ತರ: ಸಂಶೋಧನೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ

ಈ ಬಾರಿ ಬಂದ ಪತ್ರಗಳಲ್ಲಿ ಮೂರು ಪತ್ರಗಳು ಒಂದೇ ಆತಂಕವನ್ನು ಬೇರೆ ಬೇರೆ ರೀತಿಯಲ್ಲಿ ಹೇಳುತ್ತವೆ. ಆದ್ದರಿಂದ ಉಳಿದವುಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವುಗಳಿಗಷ್ಟೇ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನನಗೆ 24 ವರ್ಷ. ಚೊಚ್ಚಲ ಬಸುರಿ, ಈಗ ಐದನೇ ತಿಂಗಳು. ನಮ್ಮದು ಶಿಡ್ಲಘಟ್ಟದ ಹತ್ತಿರ ಒಂದು ಹಳ್ಳಿ, ಮನೆಯಲ್ಲಿ ರೇಷ್ಮೆಹುಳು ಸಾಕುತ್ತೇವೆ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 8.6 ಬಂದಿದೆ. ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ಒಂದು ಸಂಶೋಧನೆ ನಡೆಯುತ್ತಿದೆಯಂತೆ. ಅದರಲ್ಲಿ ಕೆಲವರಿಗೆ ಕಬ್ಬಿಣಾಂಶದ ಮಾತ್ರೆ, ಕೆಲವರಿಗೆ ಕಬ್ಬಿಣಾಂಶದ ಡ್ರಿಪ್ ಕೊಡುತ್ತಾರೆ, ಯಾರಿಗೆ ಯಾವುದು ಎಂಬುದನ್ನು ಕಂಪ್ಯೂಟರ್ ತೀರ್ಮಾನಿಸುತ್ತದೆ ಎಂದರು. ‘ಬಸುರಿಯ ಮೇಲೆ ಪ್ರಯೋಗ ಬೇಡ’ ಎಂದು ಅತ್ತೆಯವರು ಹೇಳುತ್ತಾರೆ. ಯಜಮಾನರು ತಾವೇ ಸಹಿ ಹಾಕುವುದಾಗಿ ಹೇಳುತ್ತಾರೆ. ನಾನು ಏನು ಮಾಡಲಿ ಡಾಕ್ಟರೇ?

ಉತ್ತರ: ಮೊದಲು ಸಹಿಯ ಮಾತು. ಸಹಿ ಹಾಕಬೇಕಾದವರು ನೀವು. ಯಜಮಾನರು ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಕೇಳಿಸಿಕೊಳ್ಳಲಿ, ನೀವಿಬ್ಬರೂ ಮನೆಗೆ ಹೋಗಿ ಅತ್ತೆಯವರೊಡನೆ ಮಾತನಾಡಿ, ಒಂದೆರಡು ದಿನ ಯೋಚಿಸಿ. ಆದರೆ ಪ್ರಾಪ್ತ ವಯಸ್ಸಿನ ಹೆಣ್ಣುಮಗಳ ಒಪ್ಪಿಗೆಯನ್ನು ಆಕೆಯ ಪರವಾಗಿ ಇನ್ನೊಬ್ಬರು ಕೊಡಲು ಬರುವುದಿಲ್ಲ. ಒಪ್ಪಿಗೆ ಪತ್ರವೂ ಅದರ ಜೊತೆಗಿನ ಮಾಹಿತಿ ಪತ್ರವೂ ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ನಿಮ್ಮ ಕಡೆ ಅನೇಕರ ಮನೆಮಾತು ತೆಲುಗು ಎಂಬುದನ್ನು ಬಲ್ಲೆ. ತೆಲುಗಿನಲ್ಲಿ ವಿವರಿಸಿ ಎಂದು ಕೇಳುವುದಕ್ಕೆ ಸಂಕೋಚ ಬೇಡ. ಓದಲು ಬಾರದವರಿಗೆ ಸಂಶೋಧನೆಗೆ ಸಂಬಂಧಪಡದ ಒಬ್ಬ ಸಾಕ್ಷಿಯ ಎದುರಿನಲ್ಲಿ ಓದಿ ಹೇಳಿ, ಆ ಸಾಕ್ಷಿಯ ಸಹಿಯನ್ನೂ ಪಡೆಯಬೇಕು.

ಅತ್ತೆಯವರ ಭಯವನ್ನು ನಾನು ಅಜ್ಞಾನವೆಂದು ತಳ್ಳಿಹಾಕುವುದಿಲ್ಲ. ಬಸುರಿಯರಿಗೆ ಕೊಟ್ಟ ಔಷಧಿಗಳಿಂದ ಈ ಜಗತ್ತು ದೊಡ್ಡ ಪೆಟ್ಟು ತಿಂದಿದೆ. 1957ರಿಂದ 1961ರವರೆಗೆ ಯುರೋಪಿನಲ್ಲಿ ವಾಂತಿ ಮತ್ತು ನಿದ್ರಾಹೀನತೆಗೆ ಮಾರಾಟವಾದ ಥಾಲಿಡೊಮೈಡ್ ಎಂಬ ಮಾತ್ರೆಯಿಂದ ಸಾವಿರಾರು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದರು. ಆದರೆ ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರವಾದದ್ದು ಡಿಇಎಸ್ ಎಂಬ ಹಾರ್ಮೋನಿನ ಕಥೆ. ಗರ್ಭ ನಿಲ್ಲಲಿ ಎಂಬ ಸದುದ್ದೇಶದಿಂದಲೇ ಅಮೆರಿಕದ ವೈದ್ಯರು ಅದನ್ನು ಬಸುರಿಯರಿಗೆ ಬರೆಯುತ್ತಿದ್ದರು. 1953ರಲ್ಲಿ ಶಿಕಾಗೋದಲ್ಲಿ ಕೆಲವರಿಗೆ ಆ ಔಷಧಿಯನ್ನೂ ಕೆಲವರಿಗೆ ಔಷಧಿಯಿಲ್ಲದ ಮಾತ್ರೆಯನ್ನೂ ಕೊಟ್ಟು ಹೋಲಿಸಿ ನೋಡಿದಾಗ, ಅದರಿಂದ ಗರ್ಭಪಾತ ತಪ್ಪುವುದಿಲ್ಲ ಎಂಬುದು ಸ್ಪಷ್ಟವಾಯಿತು. ಆದರೂ ಬರೆಯುವ ಅಭ್ಯಾಸ ನಿಲ್ಲಲಿಲ್ಲ. 1971ರಲ್ಲಿ ಬಾಸ್ಟನ್ನಿನ ವೈದ್ಯರು ಯೋನಿಯ ಅಪರೂಪದ ಕ್ಯಾನ್ಸರ್ ಬಂದಿದ್ದ 8 ಯುವತಿಯರನ್ನು ಕುರಿತು ವಿಚಾರಿಸಿದಾಗ, ಅವರಲ್ಲಿ 7 ಮಂದಿಯ ತಾಯಂದಿರು ಬಸುರಿನಲ್ಲಿ ಅದೇ ಔಷಧಿ ತೆಗೆದುಕೊಂಡಿದ್ದರೆಂದು ತಿಳಿಯಿತು. ಆ ಹೆಣ್ಣುಮಕ್ಕಳ ತಾಯಂದಿರನ್ನು ಯಾರೂ ‘ಪ್ರಯೋಗಕ್ಕೆ ಬನ್ನಿ’ ಎಂದು ಕರೆದಿರಲಿಲ್ಲ, ಅವರಿಂದ ಯಾವ ಒಪ್ಪಿಗೆ ಪತ್ರವನ್ನೂ ಬರೆಸಿಕೊಂಡಿರಲಿಲ್ಲ. ಅವರಿಗೆ ಸಿಕ್ಕಿದ್ದು ಮಾಮೂಲು ಚಿಕಿತ್ಸೆ. ಅತ್ತೆಯವರಿಗೆ ಇದನ್ನು ದಯವಿಟ್ಟು ಓದಿ ಹೇಳಿ. ಪರೀಕ್ಷೆಗೆ ಒಳಪಡದೆ ರೂಢಿಗೆ ಬಂದ ಚಿಕಿತ್ಸೆಯೇ ಲೆಕ್ಕ ಇಡದೆ ನಡೆಯುವ ಪ್ರಯೋಗವೆಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಈಗ ನಿಮ್ಮನ್ನು ಕರೆದಿರುವ ಸಂಶೋಧನೆ. ಮಾತ್ರೆಯೂ ಡ್ರಿಪ್ಪೂ ಹೊಸ ಔಷಧಿಗಳಲ್ಲ, ಎರಡೂ ಈಗಾಗಲೇ ಬಳಕೆಯಲ್ಲಿವೆ. ಮಾತ್ರೆ ಅಗ್ಗ, ಮನೆಯಲ್ಲೇ ನುಂಗಬಹುದು. ಆದರೆ ವಾಕರಿಕೆ, ಮಲಬದ್ಧತೆಯಿಂದ ಅರ್ಧಕ್ಕೇ ಬಿಡುವವರು ಬಹಳ. ಡ್ರಿಪ್ ಮೂಲಕ ಕೊಟ್ಟರೆ ರಕ್ತ ಬೇಗ ಏರುತ್ತದೆ. ಆದರೆ ಅಪರೂಪಕ್ಕೆ ತೀವ್ರ ಅಲರ್ಜಿ ಆಗಬಹುದಾದ್ದರಿಂದ ತುರ್ತು ಚಿಕಿತ್ಸೆಯ ಸೌಲಭ್ಯ ಇರುವಲ್ಲೇ ಕೊಡಬೇಕು, ಕೊಟ್ಟ ಮೇಲೆ ಅರ್ಧ ಗಂಟೆಯಾದರೂ ನಿಗಾ ಇಡಬೇಕು. ಮೊದಲ ಮೂರು ತಿಂಗಳಲ್ಲಿ ಅದನ್ನು ಕೊಡುವುದಿಲ್ಲ; ನೀವು ಆ ಹಂತ ದಾಟಿದ್ದೀರಿ. ರಕ್ತ ಬೇಗ ಏರಿದ ಮಾತ್ರಕ್ಕೆ ಹೆರಿಗೆಯೂ ಮಗುವಿನ ತೂಕವೂ ಉತ್ತಮವಾಗುತ್ತವೆಯೇ ಎಂಬುದು ಬೇರೆಯೇ ಪ್ರಶ್ನೆ, ಅದಕ್ಕಾಗಿಯೇ ಇಂಥ ಹೋಲಿಕೆ ನಡೆಯುತ್ತದೆ. ಕಂಪ್ಯೂಟರ್ ತೀರ್ಮಾನಿಸುತ್ತದೆ ಎಂದರೆ ಚೀಟಿ ಎತ್ತಿದ ಹಾಗೆ. ವೈದ್ಯರ ಆಯ್ಕೆಗೇ ಬಿಟ್ಟರೆ ತೀರಾ ಬಿಳಚಿಕೊಂಡವರಿಗೆಲ್ಲ ಡ್ರಿಪ್, ಉಳಿದವರಿಗೆ ಮಾತ್ರೆ ಎಂದಾಗಿಬಿಡುತ್ತದೆ. ಆಮೇಲೆ ಕಂಡ ವ್ಯತ್ಯಾಸ ಔಷಧಿಯದೋ, ಹೆಂಗಸರ ಸ್ಥಿತಿಯದೋ ಹೇಳಲು ಆಗುವುದಿಲ್ಲ.

ನಮ್ಮ ರಾಜ್ಯದ ತಾಯಂದಿರು ಇಂಥ ಸಂಶೋಧನೆಗೆ ಕೊಟ್ಟಿರುವುದು ಕಡಿಮೆಯಲ್ಲ, ಅದು ನಮ್ಮ ಊರುಗಳಲ್ಲಿ ಹೆಚ್ಚು ಜನರಿಗೆ ತಿಳಿಯದಿರುವುದು ನನಗೆ ಬೇಸರದ ಸಂಗತಿ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಕಿರಿಯ ಆರೋಗ್ಯ ಸಹಾಯಕಿಯರು ಹೆರಿಗೆ ಮಾಡಿಸುತ್ತಿದ್ದ 1,620 ತಾಯಂದಿರಲ್ಲಿ ಅರ್ಧದಷ್ಟು ಮಂದಿಗೆ ಹೆರಿಗೆಯಾದ ಕೂಡಲೇ ಮಿಸೊಪ್ರೊಸ್ಟಾಲ್ ಮಾತ್ರೆ, ಉಳಿದವರಿಗೆ ಔಷಧಿಯಿಲ್ಲದ ಮಾತ್ರೆ ನುಂಗಿಸಿ ನಡೆಸಿದ ಅಧ್ಯಯನದ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಅತಿ ರಕ್ತಸ್ರಾವ ಶೇಕಡ 12ರಿಂದ 6.4ಕ್ಕೆ ಇಳಿದಿತ್ತು. ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ವಿಶ್ವ ಆರೋಗ್ಯ ಸಂಸ್ಥೆ ಆ ಮಾತ್ರೆಯನ್ನು 2011ರಲ್ಲಿ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಇನ್ನೊಂದು, ನಮಗೆ ಕೂಗಳತೆಯ ಬೆಂಗಳೂರಿನದೇ. ಬಸುರಿನ ನಂಜು, ಅಂದರೆ ರಕ್ತದೊತ್ತಡ ಏರಿ ಮೂತ್ರದಲ್ಲಿ ಪ್ರೋಟೀನ್ ಹೋಗುವ ತೊಂದರೆ, ತಡೆಯಲು ದಿನಕ್ಕೆ 1,500 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೇ, 500 ಸಾಕೇ ಎಂದು ಅಲ್ಲಿ 11,000 ಚೊಚ್ಚಲ ಬಸುರಿಯರಲ್ಲಿ, ತಾಂಜಾನಿಯಾದಲ್ಲಿಯೂ ಅಷ್ಟೇ ಮಂದಿಯಲ್ಲಿ ಹೋಲಿಸಿದರು. ಬೆಂಗಳೂರಿನಲ್ಲಿ ಕಡಿಮೆ ಪ್ರಮಾಣದವರಲ್ಲಿ ಶೇಕಡ 3.0, ಹೆಚ್ಚು ಪ್ರಮಾಣದವರಲ್ಲಿ ಶೇಕಡ 3.6 ಮಂದಿಗೆ ನಂಜು ಬಂತು. ಅಂದರೆ ಕಡಿಮೆ ಪ್ರಮಾಣ ಹಿಂದೆ ಬೀಳಲಿಲ್ಲ. 2024ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಓದಿದಾಗ, ದಿನಕ್ಕೆ ಮೂರು ದಪ್ಪ ಮಾತ್ರೆಗಳನ್ನು ನುಂಗಲಾರದೆ ಸೊರಗುವ ಹೆಣ್ಣುಮಕ್ಕಳ ನೆನಪಾಗಿ ನನಗೆ ಸಮಾಧಾನವಾಯಿತು.

ಹಾಗೆಂದು ಕಣ್ಣುಮುಚ್ಚಿ ಸಹಿ ಹಾಕಿ ಎನ್ನುತ್ತಿಲ್ಲ. ಈ ಸಂಶೋಧನೆಗೆ ಎಥಿಕ್ಸ್ ಕಮಿಟಿ, ಅಂದರೆ ಸಂಶೋಧನೆ ನೀತಿಬದ್ಧವಾಗಿದೆಯೇ ಎಂದು ಪರಿಶೀಲಿಸುವ ಸಮಿತಿ, ಒಪ್ಪಿಗೆ ಕೊಟ್ಟಿದೆಯೇ ಎಂದು ಕೇಳಿ. 2019ರ ಹೊಸ ಔಷಧಿಗಳು ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಆ ಸಮಿತಿಯಲ್ಲಿ ಕನಿಷ್ಠ 7 ಸದಸ್ಯರಿರಬೇಕು, ಅರ್ಧದಷ್ಟಾದರೂ ಮಂದಿ ಆ ಸಂಸ್ಥೆಗೆ ಸೇರದವರಾಗಿರಬೇಕು, ಒಬ್ಬ ಮಹಿಳೆ, ಒಬ್ಬ ಕಾನೂನು ಬಲ್ಲವರು, ಒಬ್ಬ ಸಾಮಾನ್ಯ ನಾಗರಿಕರು ಇರಲೇಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸುವ ಸಿಟಿಆರ್‌ಐ ಎಂಬ ನೋಂದಣಿಯಲ್ಲಿ ಈ ಅಧ್ಯಯನದ ಸಂಖ್ಯೆ ಯಾವುದು ಎಂದೂ ಕೇಳಿ. ಆ ಪಟ್ಟಿಯನ್ನು ಮೊಬೈಲಿನಲ್ಲಿ ಯಾರು ಬೇಕಾದರೂ ನೋಡಬಹುದು. ತೊಂದರೆಯಾದರೆ ಯಾರ ಹೊಣೆ ಎಂಬುದು ಬರವಣಿಗೆಯಲ್ಲಿರಬೇಕು. ಔಷಧಿಗಳ ಟ್ರಯಲ್‌ನಲ್ಲಿ ಹಾನಿಯಾದರೆ ಉಚಿತ ಚಿಕಿತ್ಸೆ ಕೊಡಬೇಕೆಂದೂ, ಹಾನಿಗೆ ಟ್ರಯಲ್ ಕಾರಣವಾಗಿದ್ದರೆ ಪರಿಹಾರ ಕೊಡಬೇಕೆಂದೂ ನಿಯಮವಿದೆ. ತಾಯಿ ಭಾಗವಹಿಸಿದ ಕಾರಣದಿಂದ ಹೊಟ್ಟೆಯಲ್ಲಿರುವ ಮಗುವಿಗೆ ಆಗುವ ಹಾನಿಯೂ ಅದರಲ್ಲಿ ಸೇರಿದೆ. ಇದನ್ನು ಅತ್ತೆಯವರಿಗೆ ಮರೆಯದೆ ಹೇಳಿ, ಅವರ ಚಿಂತೆಯ ತಿರುಳು ಅದೇ ಇರಬೇಕು.

ನಡುವೆ ಬೇಡವೆನಿಸಿದರೆ ಕಾರಣ ಹೇಳದೆ ಹೊರಬರಬಹುದು. ಮೊದಲೇ ಬೇಡವೆಂದರೂ ಅದೇ ಆಸ್ಪತ್ರೆಯಲ್ಲಿ ನಿಮಗೆ ಚಿಕಿತ್ಸೆ ಸಿಗಲೇಬೇಕು. ಆದರೆ ಒಂದು ಮಾತು: ಸೇರಿ ಅಥವಾ ಬಿಡಿ, 8.6 ಇರುವ ರಕ್ತವನ್ನು ಹಾಗೆಯೇ ಬಿಟ್ಟುಕೊಂಡು ಹೆರಿಗೆಯವರೆಗೆ ಹೋಗಬೇಡಿ. ಮಾತ್ರೆಯೇ ಆದರೆ ಕಬ್ಬಿಣಾಂಶವನ್ನೂ ಕ್ಯಾಲ್ಸಿಯಂ ಅನ್ನೂ ಒಟ್ಟಿಗೆ ನುಂಗಬೇಡಿ, ಕಾಫಿ–ಟೀ ಜೊತೆಗಂತೂ ಬೇಡವೇ ಬೇಡ.

ಪ್ರಶ್ನೆ: ನಾವು ಶಿರಾ ತಾಲ್ಲೂಕಿನವರು. ನನ್ನ ಹೆಂಡತಿಗೆ 36 ವರ್ಷ. ಎರಡು ಬಾರಿ ಐವಿಎಫ್ ಮಾಡಿಸಿ ಫಲ ಕಾಣಲಿಲ್ಲ, ಒಂದು ತೋಟವೂ ಕೈಬಿಟ್ಟಿತು. ಮೂರನೇ ಬಾರಿಗೆ ಮೊದಲು ಗರ್ಭಕೋಶದ ಒಳಪದರವನ್ನು ‘ಸ್ಕ್ರ್ಯಾಚ್’ ಮಾಡಿದರೆ ಗರ್ಭ ಕಚ್ಚಿಕೊಳ್ಳುತ್ತದೆ, ಸಂಶೋಧನೆಯಿಂದ ಸಾಬೀತಾಗಿದೆ, ಅದಕ್ಕೆ ಬೇರೆ ಹಣ ಕಟ್ಟಬೇಕು ಎನ್ನುತ್ತಿದ್ದಾರೆ. ಕಟ್ಟಬಹುದೇ?

ಉತ್ತರ: ಕಟ್ಟಬೇಡಿ. ತೋಟದ ಮಾತು ಓದಿ ಮನಸ್ಸಿಗೆ ನೋವಾಯಿತು, ಅದಕ್ಕೇ ನೇರವಾಗಿ ಹೇಳುತ್ತಿದ್ದೇನೆ.

ಒಳಪದರವನ್ನು ಸಣ್ಣ ನಳಿಕೆಯಿಂದ ಕೆರೆದರೆ ಭ್ರೂಣ ಅಂಟಿಕೊಳ್ಳಲು ಅನುಕೂಲವಾಗುತ್ತದೆ ಎಂಬ ಆಸೆ ಹುಟ್ಟಿದ್ದು ಚಿಕ್ಕ ಚಿಕ್ಕ ಅಧ್ಯಯನಗಳಿಂದ. ಕೆಲವೇ ಮಂದಿಯನ್ನು ನೋಡಿದಾಗ ಆಕಸ್ಮಿಕವೂ ಫಲದಂತೆ ಕಾಣುತ್ತದೆ. ಆಮೇಲೆ ನ್ಯೂಜಿಲೆಂಡಿನ ಸಂಶೋಧಕರ ಮುಂದಾಳುತನದಲ್ಲಿ ಹಲವು ದೇಶಗಳ 1,364 ಮಹಿಳೆಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಹೋಲಿಸಿದರು. 2019ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಸ್ಕ್ರ್ಯಾಚ್ ಮಾಡಿಸಿಕೊಂಡವರಲ್ಲಿ ಮಗು ಪಡೆದವರು ಶೇಕಡ 26.1, ಮಾಡಿಸಿಕೊಳ್ಳದವರಲ್ಲಿಯೂ ಶೇಕಡ 26.1. ನೋವು ಮತ್ತು ಖರ್ಚು ಮಾತ್ರ ಒಂದೇ ಗುಂಪಿಗೆ.

ಸಂತಾನ ಚಿಕಿತ್ಸೆಯಲ್ಲಿ ಒಳ್ಳೆಯ ಸಂಶೋಧನೆ ಇಲ್ಲವೆಂದಲ್ಲ. ಪಿಸಿಓಎಸ್, ಅಂದರೆ ಹಾರ್ಮೋನಿನ ಏರುಪೇರಿನಿಂದ ಅಂಡ ಸರಿಯಾಗಿ ಬಿಡುಗಡೆಯಾಗದ ತೊಂದರೆ, ಇರುವ 750 ಮಹಿಳೆಯರಲ್ಲಿ ಅಂಡ ಬಿಡುಗಡೆಗೆ ಕೊಡುವ ಎರಡು ಮಾತ್ರೆಗಳನ್ನು ಹೋಲಿಸಿದ ಅಮೆರಿಕದ ಅಧ್ಯಯನವೊಂದು 2014ರಲ್ಲಿ ಹೊರಬಂತು. ಲೆಟ್ರೊಜೋಲ್ ತೆಗೆದುಕೊಂಡವರಲ್ಲಿ ಶೇಕಡ 27.5, ಹಳೆಯ ಕ್ಲೊಮಿಫೀನ್ ತೆಗೆದುಕೊಂಡವರಲ್ಲಿ ಶೇಕಡ 19.1 ಮಂದಿ ಮಗು ಪಡೆದರು. ಬಂಜೆತನದ ಚಿಕಿತ್ಸೆಗೆ ಲೆಟ್ರೊಜೋಲ್ ಬಳಸುವುದನ್ನು ನಮ್ಮ ದೇಶದಲ್ಲಿ 2011ರಲ್ಲಿ ನಿಷೇಧಿಸಲಾಗಿತ್ತು, ಮುಂದೆ ಆ ನಿಷೇಧ ತೆರವಾಯಿತು. ಆ ಅಧ್ಯಯನದಲ್ಲಿ ಲೆಕ್ಕ ಹಾಕಿದ್ದು ಮಡಿಲು ತುಂಬಿದವರನ್ನು, ಬರೀ ಪರೀಕ್ಷೆಯಲ್ಲಿ ಪಾಸಿಟಿವ್ ಬಂದವರನ್ನಲ್ಲ. ಯಾವುದೇ ಕೇಂದ್ರ ಯಶಸ್ಸಿನ ಅಂಕಿ ಹೇಳಿದಾಗ ನೀವು ಕೇಳಬೇಕಾದ ಮೊದಲ ಪ್ರಶ್ನೆ ಇದು: 36 ವರ್ಷದ ಹೆಂಗಸರಲ್ಲಿ ಜೀವಂತ ಮಗುವನ್ನು ಮನೆಗೆ ಕರೆದೊಯ್ದವರು ಎಷ್ಟು ಮಂದಿ?

ಸಂಶೋಧನೆಯ ಭಾಗವಾಗಿ ಮಾಡುತ್ತೇವೆ ಎಂದು ಅವರು ಹೇಳಿದರೆ, ಆ ಭಾಗಕ್ಕೆ ನಿಮ್ಮಿಂದ ಹಣ ತೆಗೆದುಕೊಳ್ಳುವುದು ಸಂಶೋಧನೆಯ ನೀತಿಗೆ ಸಲ್ಲದು. ಚಿಕಿತ್ಸೆ ಎಂದು ಹೇಳಿದರೆ ಪುರಾವೆ ತೋರಿಸಬೇಕಾದ ಹೊಣೆ ಅವರದು. ಐವಿಎಫ್‌ನಂಥ ಸಂತಾನ ಚಿಕಿತ್ಸೆಗಳನ್ನು ನಿಯಂತ್ರಿಸುವ 2021ರ ಕಾಯ್ದೆಯಂತೆ ಇಂಥ ಪ್ರತಿಯೊಂದು ಕೇಂದ್ರವೂ ನೋಂದಣಿಯಾಗಿರಬೇಕು, ಆ ಪ್ರಮಾಣಪತ್ರವನ್ನೂ ನೋಡಿ. ಹಿಂದಿನ ಎರಡು ಬಾರಿಯ ಎಲ್ಲ ದಾಖಲೆಗಳನ್ನು ಕೇಳಿ ಪಡೆದು, ಮೂರನೆಯದಕ್ಕೆ ಮುನ್ನ ಆ ಕೇಂದ್ರಕ್ಕೆ ಸಂಬಂಧಪಡದ ಇನ್ನೊಬ್ಬ ತಜ್ಞರಿಗೆ ತೋರಿಸಿ. ಸ್ವಲ್ಪ ದಿನ ಸುಮ್ಮನಿರಬೇಕು ಎಂದು ನಿಮ್ಮ ಹೆಂಡತಿಗೆ ಅನ್ನಿಸುತ್ತಿದ್ದರೆ ಅದನ್ನೂ ಕಿವಿಗೊಟ್ಟು ಕೇಳಿ. ಪತ್ರದಲ್ಲಿ ಅವರ ಮಾತು ಒಂದೂ ಇರಲಿಲ್ಲ.

ಪ್ರಶ್ನೆ: ಮುಳಬಾಗಿಲಿನಿಂದ ಬರೆಯುತ್ತಿದ್ದೇನೆ. ಮಗಳಿಗೆ ಸಿಸೇರಿಯನ್ ಆದ ಮೇಲೆ ಓದುತ್ತಿರುವ ಒಬ್ಬ ಡಾಕ್ಟರಮ್ಮ ಬಂದು, ತಮ್ಮ ಪ್ರಬಂಧಕ್ಕೆಂದು ಗಾಯವನ್ನು ನೋಡಿ, ಪ್ರಶ್ನೆ ಕೇಳಿ ಬರೆದುಕೊಂಡರು. ಒಂದು ಕಾಗದಕ್ಕೆ ಸಹಿಯನ್ನೂ ಮಾಡಿಸಿಕೊಂಡರು. ಹೆಸರು ಎಲ್ಲಾದರೂ ಅಚ್ಚಾಗುತ್ತದೆಯೇ?

ಉತ್ತರ: ಆಗಬಾರದಮ್ಮ. ಸ್ನಾತಕೋತ್ತರ ವೈದ್ಯಕೀಯ ವಿದ್ಯಾರ್ಥಿಗಳು ಇಂಥ ಪ್ರಬಂಧ ಬರೆಯಲೇಬೇಕು, ಅದಕ್ಕೂ ಎಥಿಕ್ಸ್ ಕಮಿಟಿಯ ಒಪ್ಪಿಗೆ ಬೇಕು. ಪ್ರಬಂಧದಲ್ಲಿ ಹೆಸರಾಗಲಿ, ಗುರುತು ಸಿಗುವ ಫೋಟೊ ಆಗಲಿ ಬರಕೂಡದು. ಆದರೆ ಸಹಿ ಮಾಡಿದ ಕಾಗದದ ಒಂದು ಪ್ರತಿ ನಿಮ್ಮ ಮಗಳ ಕೈಗೆ ಬಂದಿರಬೇಕಿತ್ತು. ಹೊಲಿಗೆ ತೋರಿಸಲು ಮುಂದಿನ ಸಲ ಹೋದಾಗ ಅದನ್ನು ಕೇಳಿ ಪಡೆಯಿರಿ, ಸಂಪರ್ಕಿಸಬೇಕಾದವರ ಹೆಸರೂ ಫೋನ್ ಸಂಖ್ಯೆಯೂ ಅದರಲ್ಲಿವೆಯೇ ನೋಡಿ, ಆಮೇಲೆ ತಾಯಿ ಕಾರ್ಡ್ ಇಟ್ಟಿರುವ ಚೀಲದಲ್ಲೇ ಅದನ್ನೂ ಇಡಿ.