ಅಷ್ಟೂರ ದಾರಿಗೆ ಖಡಿ ಸುರುವೋಕಿಂತ ಮೊದಲು ಹಲಗಿ ಇಟ್ಟು ನೋಡ್ರಿ

ಬೀದರ ಹತ್ರದ ಅಷ್ಟೂರಾಗ ಬಹಮನಿ ಸುಲ್ತಾನರ ಗುಂಬಜ್ ಕಡಿ ಎಲ್ಲರೂ ಅಡ್ಡಾಡೋ ದಾರಿ ಮಾಡ್ತೀವಿ, 40 ಎಂ.ಎಂ. ಖಡಿ (ಜಲ್ಲಿ ಕಲ್ಲು) ಹಾಸಿ ವೀಲ್‌ಚೇರ್ ಬೋರ್ಡ್ ಹಚ್ತೀವಿ ಅಂತ ಬರದೀರಿ. ಖಡಿ ಬ್ಯಾಡ್ರೆಪ್ಪಾ! ನಾವೂ ಅಲ್ಲೇ ಎಡವಿದ್ದು. ಬಿಡಿ ಖಡಿಯೊಳಗ ಮುಂದಿನ ಸಣ್ಣ ಗಾಲಿ ಹೂತು ಅಡ್ಡ ತಿರುಗ್ತದ, ಕೂತವ್ರು ಮುಗ್ಗರಸ್ತಾರ. ಮುದುಕರ ಕೋಲೂ ಜಾರ್ತದ.

ಮೊದಲು ಇಳಿಜಾರು. 120 ಸೆಂ.ಮೀ. ನೆಟ್ಟನ ಹಲಗಿ, ಮ್ಯಾಲೊಂದು ರಸಮಟ್ಟ (ಗಾಳಿ ಗುಳ್ಳಿ ನೋಡಿ ಸಮ ಅದನೋ ಇಲ್ಲೋ ಹೇಳೋ ಪಟ್ಟಿ). ಇಳಿಕಲದ ತುದಿ ಕೆಳಗ 10 ಸೆಂ.ಮೀ. ಕಟ್ಟಿಗಿ ತುಂಡು ಕೊಟ್ಟಾಗ ಗುಳ್ಳಿ ನಡುವ ನಿಂತ್ರ 1:12, ಅಂದ್ರ 12 ಮೀಟರ್‌ಗೆ 1 ಮೀಟರ್ ಏರು, ಅದೇ ಕಡೀ ಮಿತಿ. 6 ಸೆಂ.ಮೀ.ಗೆ ನಿಂತ್ರ 1:20, ಉದ್ದ ದಾರಿಗೆ ಇದೇ ಛಲೋ. 10 ಕೊಟ್ಟ ಮ್ಯಾಲೂ ಗುಳ್ಳಿ ಏರಿನ ಕಡಿ ಓಡಿದ್ರ ದಾರಿನೇ ಹೊಳ್ಳಸ್ರಿ. ಹತ್ತು ಹೆಜ್ಜಿಗೊಮ್ಮೆ ಇಡ್ರಿ, ಸರಾಸರಿ ತಗೀಬ್ಯಾಡ್ರಿ; ಒಂದೇ ಮೀಟರ್ ಕಡಿದಾಗಿದ್ರೂ ಕುರ್ಚಿ ಅಲ್ಲೇ ನಿಲ್ತದ. ಅದೇ ಹಲಗಿ ದಾರಿಗೆ ಅಡ್ಡ ಇಟ್ರ ತುಂಡು 2.4 ಸೆಂ.ಮೀ. ದಾಟಬಾರದು. ದಾಟಿದ್ರ ಕುರ್ಚಿ ಗಟಾರದ ಕಡಿ ಎಳೀತದ, ಒಂದೇ ತೋಳಿನ ಮ್ಯಾಲ ಭಾರ ಬೀಳ್ತದ. ಫೋನ್ ಆ್ಯಪ್ ನಂಬಬ್ಯಾಡ್ರಿ, ಕ್ಯಾಮೆರಾ ಉಬ್ಬಿದ ಫೋನ್ ಹಲಗಿ ಮ್ಯಾಲ ಸಮ ಕೂಡಂಗಿಲ್ಲ. ಸ್ಟ್ಯಾನ್ಲಿ ಕಂಪನಿದಾದ್ರೂ ಸರಿ, ಸಂತಿ ಮಾಲು ಆದ್ರೂ ಸರಿ, ರಸಮಟ್ಟ ತಿರುಗಾಮುರುಗಾ ಇಟ್ಟು ಗುಳ್ಳಿ ಒಂದೇ ಕಡಿ ನಿಲ್ತದೇನು ನೋಡಿನೇ ಖರೀದಿ ಮಾಡ್ರಿ.

ಹಾಸಲಿಕ್ಕೆ ನಮ್ಮ ಬೀದರ ಮುರುಂ (ಕೆಂಪು ಗರಸು ಮಣ್ಣು) ಸಾಕು. 15 ಸೆಂ.ಮೀ. ಹಾಕಿ ನೀರು ಹೊಡದು ರೋಲರ್, ಮ್ಯಾಲ 5 ಸೆಂ.ಮೀ. ಕ್ರಷರ್ ಪುಡಿ, ಮತ್ತ ರೋಲರ್. ಎರಿ ಮಣ್ಣು ಬಂದಲ್ಲಿ 30 ಸೆಂ.ಮೀ. ತಗದು ಮುರುಂ ಎರಡು ಪದರಾಗಿ ತುಂಬ್ರಿ. ಎರಿ ಬ್ಯಾಸಗ್ಯಾಗ ಬಿರೀತದ, ಮಳಿಗಾಲಕ್ಕ ಉಬ್ತದ, ಮ್ಯಾಲಿಂದೆಲ್ಲಾ ಕೆಡಸ್ತದ. ಪಾಲಿಶ್ ಶಹಾಬಾದಿ ಫರಸಿ ಹನಿ ಬಿದ್ರ ಜಾರ್ತದ. ಒರಟು ಮುಖದ್ದು ನಡೀತದ, ಸಂದಿ 1 ಸೆಂ.ಮೀ. ಒಳಗಿರಲಿ. ಗುಂಬಜ್‌ಗಳ ಸಂರಕ್ಷಿತ ಜಾಗದ ಗಡಿಯಿಂದ 100 ಮೀಟರ್ ಒಳಗ ಗುದ್ದಲಿ ಹಚ್ಚಬ್ಯಾಡ್ರಿ, ಅದು ಪುರಾತತ್ವ ಇಲಾಖೆಯ ನಿಷೇಧಿತ ವಲಯ. ಮೊದಲು ಅರ್ಜಿ.

ಬೈಕ್ ತಡೀಲಿಕ್ಕೆ ಕಂಬ ನೆಡ್ತೀರಲ್ಲ, ನಡುವ 90 ಸೆಂ.ಮೀ. ಬಿಡ್ರಿ. ಇಲ್ಲಂದ್ರ ಬೈಕ್ ಬದೀಲೆ ನುಸೀತದ, ಕುರ್ಚಿ ಮಾತ್ರ ನಿಲ್ತದ. ದಾರಿ ಅಗಲ 150 ಸೆಂ.ಮೀ. ಬೆಂಚ್ ಕಬ್ಬಿಣದ್ದು ಬ್ಯಾಡ, ಮೇ ತಿಂಗಳಾಗ ಯಾರೂ ಕೂಡಂಗಿಲ್ಲ. ಬೇವಿನ ನೆಳ್ಳಾಗ 45 ಸೆಂ.ಮೀ. ಎತ್ತರದ್ದು, ಏಳಲಿಕ್ಕೆ ಕೈ ಆಸರಿ ಇದ್ದದ್ದು.

ಬೋರ್ಡಿಗೆ "ಸುಲಭ ದಾರಿ" ಅಂತ ಬರೀಬ್ಯಾಡ್ರಿ. ಉದ್ದ ಎಷ್ಟು, ಭಾಳ ಕಡಿದಾದ್ದು ಎಲ್ಲಿ, ನೆಳ್ಳು, ನೀರು, ಪಾಯಖಾನಿ ಎಲ್ಲಿ ಅಂತ ಬರೀರಿ. ಅಲ್ಲೇ ಹತ್ರದ ಚೌಖಂಡಿಗೆ (ಖಲೀಲುಲ್ಲಾ ಅವರ ಗೋರಿ) ಮೆಟ್ಟಿಲು ಅದಾವ, ಎಣಿಸಿ ಅದನ್ನೂ ಬರೀರಿ. ಈ ಬೋರ್ಡ್ ಗಾಡಿ ನಿಲ್ಸೋ ಜಾಗದಾಗೇ ಇರಲಿ, ಮೆಟ್ಟಿಲ ಬುಡಕ್ಕಲ್ಲ.