ಮಿಥೈಲ್ ಗುರುತು ಇದ್ದರೆ ಸಾಲದು, ಅದನ್ನು ಓದುವವರೂ ಬೇಕು

ಪ್ರಶ್ನೆ: ಡಿಎನ್‌ಎ ಮೇಲೆ ಮಿಥೈಲ್ ಗುಂಪು ಬಂದು ಕೂತರೆ ಆ ಜೀನ್ ಆಫ್ ಆಗುತ್ತದೆ ಅಂತ ನಮ್ಮ ಲೆಕ್ಚರರ್ ಹೇಳಿದರು. ಮಿದುಳಿನಲ್ಲೂ ಇಷ್ಟೇನಾ, ಬೇರೆ ಏನಾದರೂ ವಿಶೇಷ ಇದೆಯಾ?
– ಪಿಯುಸಿ ವಿದ್ಯಾರ್ಥಿನಿ, ಹಾಸನ

ಪರೀಕ್ಷೆಗೆ ಅಷ್ಟು ಸಾಕು. ಆದರೆ ಮಿದುಳಿನ ವಿಷಯಕ್ಕೆ ಬಂದರೆ ಸಾಲದು, ಸ್ವಾರಸ್ಯ ಇರುವುದೂ ಅಲ್ಲೇ.

ಮೊದಲು ಮೂಲ ಸಂಗತಿ. ಮಿಥೈಲ್ ಗುಂಪು ಅಂದರೆ ಒಂದು ಕಾರ್ಬನ್, ಮೂರು ಹೈಡ್ರೋಜನ್, ಅಷ್ಟೇ. ಇಷ್ಟು ಪುಟ್ಟದು ಡಿಎನ್‌ಎಯ ಸಿ ಅಕ್ಷರಕ್ಕೆ, ಅಂದರೆ ಸೈಟೋಸಿನ್‌ಗೆ ಅಂಟಿಕೊಳ್ಳುತ್ತದೆ. ಅಕ್ಷರ ಬದಲಾಗುವುದಿಲ್ಲ. ಹೆಚ್ಚಾಗಿ ಸಿ ಪಕ್ಕದಲ್ಲೇ ಜಿ ಇರುವ ಕಡೆ ಇದು ಕೂರುತ್ತದೆ, ಮತ್ತು ಮನುಷ್ಯರ ಡಿಎನ್‌ಎಯಲ್ಲಿ ಅಂಥ ಜಾಗಗಳು ಸುಮಾರು 2.8 ಕೋಟಿ ಇವೆ, ಅವುಗಳಲ್ಲಿ ಹೆಚ್ಚಿನವು ಗುರುತು ಹೊತ್ತುಕೊಂಡೇ ಇರುತ್ತವೆ. ಜೀನ್ ಶುರುವಾಗುವ ಜಾಗದಲ್ಲಿ ಗುರುತು ದಟ್ಟವಾಗಿದ್ದರೆ ಆ ಜೀನ್ ಸಾಮಾನ್ಯವಾಗಿ ಸುಮ್ಮನಿರುತ್ತದೆ. ನಿಮ್ಮ ಲೆಕ್ಚರರ್ ಹೇಳಿದ್ದು ಇದನ್ನೇ. ಆದರೆ ಚೆನ್ನಾಗಿ ಕೆಲಸ ಮಾಡುತ್ತಿರುವ ಜೀನ್‌ಗಳ ಒಡಲಿನೊಳಗೂ ಈ ಗುರುತು ಜೋರಾಗಿಯೇ ಇರುತ್ತದೆ! ಹಾಗಾಗಿ ‘ಗುರುತು ಇದೆ, ಆದ್ದರಿಂದ ಆಫ್’ ಅಂತ ಲೆಕ್ಕ ಹಾಕಿದರೆ ತಪ್ಪುತ್ತದೆ. ಎಲ್ಲಿದೆ, ಯಾರು ಓದುತ್ತಿದ್ದಾರೆ ಅನ್ನುವುದು ಮುಖ್ಯ.

ಈಗ ಮಿದುಳು. ಕೋಶ ಎರಡಾಗುವಾಗ ಸಿ-ಜಿ ಜಾಗದ ಗುರುತು ಹೊಸ ಎಳೆಗೂ ನಕಲಾಗುತ್ತದೆ, ಯಾಕೆಂದರೆ ಎದುರಿನ ಎಳೆಯಲ್ಲೂ ಅದೇ ಜೋಡಿ ತಿರುಗಿ ನಿಂತಿರುತ್ತದೆ, ಡಿಎನ್‌ಎಂಟಿ1 ಅನ್ನುವ ಕಿಣ್ವ ಹಳೆಯದನ್ನು ನೋಡಿಕೊಂಡು ಹೊಸದಕ್ಕೂ ಗುರುತು ಹಾಕಿಬಿಡುತ್ತದೆ. ನರಕೋಶಗಳಲ್ಲಿ ಮಾತ್ರ ಇನ್ನೊಂದು ಬಗೆ ರಾಶಿ ರಾಶಿ ಸಿಗುತ್ತದೆ: ಸಿ ಪಕ್ಕ ಜಿ ಇಲ್ಲದ ಕಡೆ, ಅದರಲ್ಲೂ ಎ ಇರುವ ಕಡೆ ಕೂತ ಗುರುತು. ಇದಕ್ಕೆ ಎದುರು ಎಳೆಯಲ್ಲಿ ಜೋಡಿ ಇಲ್ಲ, ಹಾಗಾಗಿ ಆ ಥರ ನಕಲು ಮಾಡುವ ದಾರಿಯೂ ಇಲ್ಲ. ಬಹುಪಾಲು ನರಕೋಶಗಳು ಹುಟ್ಟಿದ ಮೇಲೆ ವಿಭಜನೆ ಆಗುವುದೇ ಇಲ್ಲವಲ್ಲ, ಅದಕ್ಕೇ ಅಲ್ಲಿ ಇದು ಉಳಿದುಕೊಳ್ಳುತ್ತದೆ. ಡಿಎನ್‌ಎಂಟಿ3ಎ ಅನ್ನುವ ಕಿಣ್ವ ಇದನ್ನು ಹಾಕುತ್ತದೆ. ಯಾವಾಗ ಹಾಕುತ್ತದೆ ಅನ್ನುವುದೇ ನನಗೆ ತುಂಬಾ ಇಷ್ಟವಾದ ಭಾಗ: 2013ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಪ್ರಕಾರ ಮನುಷ್ಯರ ಮಿದುಳಿನ ಮುಂಭಾಗದಲ್ಲಿ ಈ ಗುರುತು ಹುಟ್ಟುವಾಗ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಮೊದಲ ಎರಡು ವರ್ಷಗಳಲ್ಲಿ ಸರಸರನೆ ಏರುತ್ತದೆ, ಹದಿಹರೆಯದವರೆಗೂ ನಿಧಾನವಾಗಿ ಏರುತ್ತಲೇ ಇರುತ್ತದೆ. ಮಗು ಮಾತು ಕಲಿಯುವ, ನಡೆಯುವ, ನರಕೋಶಗಳು ಒಂದಕ್ಕೊಂದು ಬೆಸೆದುಕೊಳ್ಳುವ ಕಾಲವೂ ಅದೇ.

ಗುರುತು ಅಳಿಸುವ ದಾರಿಯೂ ಇದೆ. 2009ರಲ್ಲಿ ಭಾರತ ಮೂಲದ ವಿಜ್ಞಾನಿ ಅಂಜನಾ ರಾವ್ ಅವರ ತಂಡ, ಟೆಟ್ ಅನ್ನುವ ಕಿಣ್ವ ಮಿಥೈಲ್‌ಗೆ ಒಂದು ಆಕ್ಸಿಜನ್ ಸೇರಿಸಿ ಅದರ ರೂಪ ಬದಲಿಸುತ್ತದೆ ಅಂತ ತೋರಿಸಿತು. ಅಳಿಸುವುದರ ಮೊದಲ ಹೆಜ್ಜೆ ಇದು. ಇಲಿಗಳ ಕಿರುಮಿದುಳಿನ ನರಕೋಶಗಳಲ್ಲಿ ಈ ಬದಲಾದ ರೂಪ ಜಾಸ್ತಿ ಇದೆ ಅಂತ ಇನ್ನೊಂದು ತಂಡ ಅದೇ ವರ್ಷ ತೋರಿಸಿತು.

ಪ್ರಶ್ನೆ: ನನ್ನ ಅಕ್ಕನ ಮಗಳಿಗೆ ರೆಟ್ ಸಿಂಡ್ರೋಮ್ ಅಂತ ಗೊತ್ತಾಗಿದೆ. ‘ಮಿಥೈಲ್ ಗುರುತು ಓದುವ ಜೀನ್‌ನಲ್ಲಿ ದೋಷ’ ಅಂದರು ಡಾಕ್ಟರು. ಹಾಗಂದರೇನು? ಅಕ್ಕ ಗರ್ಭಿಣಿಯಾಗಿದ್ದಾಗ ಏನೋ ತಿಂದಳು ಅಂತ ಮನೆಯಲ್ಲಿ ಮಾತು ಬೇರೆ.
– ಓದುಗರು, ದಾವಣಗೆರೆ

ಮೊದಲು ಆ ಮಾತು ನಿಲ್ಲಿಸಿ. ಈ ದೋಷ ಬಹುತೇಕ ಹೊಸದಾಗಿ, ಆಕಸ್ಮಿಕವಾಗಿ ಆಗುವಂಥದ್ದು, ಅದೂ ಹೆಚ್ಚಿನ ಪ್ರಕರಣಗಳಲ್ಲಿ ತಂದೆಯ ವೀರ್ಯಾಣುವಿನಲ್ಲಿ. ಇದರಲ್ಲಿ ತಂದೆಯದೂ ತಪ್ಪಿಲ್ಲ ಬಿಡಿ. ಅಕ್ಕ ಪಪ್ಪಾಯ ತಿಂದರೋ ಗ್ರಹಣ ನೋಡಿದರೋ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಮುಂದಿನ ಮಗುವಿನ ಬಗ್ಗೆ ಯೋಚನೆ ಇದ್ದರೆ ಜೆನೆಟಿಕ್ ಕೌನ್ಸೆಲರ್ ಹತ್ತಿರ ಹೋಗಿ.

ಈಗ ‘ಓದುವುದು’ ಅಂದರೇನು ನೋಡೋಣ. ಮೆಕ್‌ಪಿ2 ಅಂತ ಒಂದು ಪ್ರೋಟೀನ್ ಇದೆ, 1992ರಲ್ಲಿ ಏಡ್ರಿಯನ್ ಬರ್ಡ್ ಅವರ ತಂಡ ಪತ್ತೆ ಹಚ್ಚಿದ್ದು. ಅದು ಮಿಥೈಲ್ ಗುರುತು ಇರುವ ಜಾಗಕ್ಕೆ ಹೋಗಿ ಅಂಟಿಕೊಂಡು, ಜೀನ್ ಅನ್ನು ತಗ್ಗಿಸುವ ಬೇರೆ ಪ್ರೋಟೀನ್‌ಗಳನ್ನು ಅಲ್ಲಿಗೆ ಕರೆತರುತ್ತದೆ. ನರಕೋಶಗಳಲ್ಲಿ ಇದು ವಿಪರೀತ ಜಾಸ್ತಿ ಇರುತ್ತದೆ, ಮತ್ತು ಮೇಲೆ ಹೇಳಿದ ಸಿ-ಎ ಗುರುತನ್ನೂ ಇದೇ ಓದುತ್ತದೆ.

ವಿಯೆನ್ನಾದ ಡಾಕ್ಟರ್ ಆಂಡ್ರಿಯಾಸ್ ರೆಟ್ 1954ರಲ್ಲಿ ತಮ್ಮ ಕ್ಲಿನಿಕ್‌ನಲ್ಲಿ ಕಾಯುತ್ತಿದ್ದ ಇಬ್ಬರು ಹೆಣ್ಣುಮಕ್ಕಳನ್ನು ಗಮನಿಸಿದರು. ಇಬ್ಬರೂ ಒಂದೇ ಥರ ಸೋಪು ಹಚ್ಚಿ ಕೈ ತೊಳೆಯುವ ಹಾಗೆ ಎರಡೂ ಕೈ ಉಜ್ಜುತ್ತಲೇ ಇದ್ದರು. ಈ ಕಾಯಿಲೆ ಅವರ ಹೆಸರಿನಲ್ಲೇ ನಿಂತಿತು. ಹುಟ್ಟಿದ ಮೊದಲ ಆರರಿಂದ ಹದಿನೆಂಟು ತಿಂಗಳು ಮಗು ಚೆನ್ನಾಗಿಯೇ ಬೆಳೆಯುವಂತೆ ಕಾಣುತ್ತದೆ, ಆಮೇಲೆ ಕಲಿತ ಮಾತು, ಕೈಯಲ್ಲಿ ಹಿಡಿಯುವ ಸಾಮರ್ಥ್ಯ ಕಳೆದುಕೊಳ್ಳುತ್ತದೆ. ಕಾರಣ ಗೊತ್ತಾಗಿದ್ದು 1999ರಲ್ಲಿ. ಅಮೆರಿಕದ ಹುದಾ ಝೋಗ್ಬಿ ಅವರ ತಂಡ ಮೆಕ್‌ಪಿ2 ಜೀನ್‌ನ ದೋಷವನ್ನು ಕಂಡುಹಿಡಿಯಿತು. ಅಂದರೆ ಈ ಮಕ್ಕಳಲ್ಲಿ ಗುರುತು ಹಾಕುವ ಕಿಣ್ವಗಳಿಗೆ ಏನೂ ಆಗಿಲ್ಲ. ಅದನ್ನು ಓದುವ ಪ್ರೋಟೀನ್ ಕೈಕೊಟ್ಟಿದೆ. ಎಕ್ಸ್ ಕ್ರೋಮೋಸೋಮ್ ಮೇಲಿನ ಜೀನ್ ಇದು, ಹೆಣ್ಣುಮಕ್ಕಳಲ್ಲಿ ಒಂದಷ್ಟು ನರಕೋಶಗಳು ಸರಿಯಾದ ಪ್ರತಿ ಬಳಸುತ್ತವೆ, ಉಳಿದವು ದೋಷ ಇರುವುದನ್ನು ಬಳಸುತ್ತವೆ, ಆದ್ದರಿಂದ ತೀವ್ರತೆ ಮಗುವಿನಿಂದ ಮಗುವಿಗೆ ಬೇರೆ.

ಒಂದು ಸಮಾಧಾನದ ಸಂಗತಿ ಇದೆ. ಈ ಕಾಯಿಲೆಯಲ್ಲಿ ನರಕೋಶಗಳು ಸಾಯುವುದಿಲ್ಲ. 2007ರಲ್ಲಿ ಬರ್ಡ್ ತಂಡ, ಕಾಯಿಲೆ ಲಕ್ಷಣ ಕಾಣಿಸಿಕೊಂಡಿದ್ದ ಇಲಿಗಳಲ್ಲೇ ಈ ಜೀನ್ ಅನ್ನು ಮತ್ತೆ ಚಾಲೂ ಮಾಡಿ ನೋಡಿತು. ಇಲಿಗಳು ಬಹುಮಟ್ಟಿಗೆ ಸರಿಹೋದವು. ಹಾಗಂತ ನಾಳೆಯೇ ಮನುಷ್ಯರಿಗೂ ಮಾಡಬಹುದು ಅಂತಲ್ಲ. ಮೆಕ್‌ಪಿ2 ಕಡಿಮೆಯಾದರೆ ಕಷ್ಟ, ಜಾಸ್ತಿಯಾದರೂ ಕಷ್ಟ. ಈ ಜೀನ್ ಎರಡೆರಡು ಇದ್ದು ಹುಟ್ಟುವ ಗಂಡುಮಕ್ಕಳಿಗೆ ಬೇರೆಯೇ ಗಂಭೀರ ಕಾಯಿಲೆ ಬರುತ್ತದೆ. ಅದಕ್ಕೇ ಜೀನ್ ಚಿಕಿತ್ಸೆಯ ಪ್ರಯೋಗಗಳಲ್ಲಿ ಪ್ರಮಾಣದ್ದೇ ದೊಡ್ಡ ತಲೆನೋವು. 2023ರಲ್ಲಿ ಅಮೆರಿಕದಲ್ಲಿ ಟ್ರೊಫಿನೆಟೈಡ್ ಅನ್ನುವ ಔಷಧಿಗೆ ಒಪ್ಪಿಗೆ ಸಿಕ್ಕಿತು, ಅದು ಲಕ್ಷಣಗಳನ್ನು ಒಂದಷ್ಟು ತಗ್ಗಿಸಬಹುದು, ಆದರೆ ಜೀನ್ ದೋಷವನ್ನು ಸರಿಪಡಿಸುವುದಿಲ್ಲ. ಈಗ ಕೈಲಿರುವುದು ಫಿಸಿಯೋಥೆರಪಿ, ಫಿಟ್ಸ್‌ಗೆ ಔಷಧಿ, ಕಣ್ಣಿನ ನೋಟದಿಂದಲೇ ಮಾತಾಡಲು ಕಲಿಸುವ ಸಾಧನಗಳು.

ಪ್ರಶ್ನೆ: ತಾಯಿ ಮುದ್ದು ಮಾಡಿದರೆ ಮಗುವಿನ ಮಿದುಳಿನ ಜೀನ್ ಬದಲಾಗುತ್ತದಂತೆ, ನಿಜವಾ? ನಾನು ಮೂರು ತಿಂಗಳಿಗೇ ಕೆಲಸಕ್ಕೆ ಹೋದವಳು.
– ಓದುಗರು, ಬೆಂಗಳೂರು

ಆರಾಮಾಗಿರಿ. ಈ ಸುದ್ದಿಯ ಮೂಲ ಇಲಿಗಳದ್ದು. 2004ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಮೈಕೆಲ್ ಮೀನಿ, ಮೋಶೆ ಝಿಫ್ ಮತ್ತು ಜೊತೆಗಾರರು, ಮರಿಗಳನ್ನು ಜಾಸ್ತಿ ನೆಕ್ಕಿ ನೇವರಿಸುವ ತಾಯಿ ಇಲಿಗಳನ್ನೂ ಕಡಿಮೆ ನೆಕ್ಕುವ ತಾಯಿ ಇಲಿಗಳನ್ನೂ ಹೋಲಿಸಿದರು. ಒತ್ತಡದ ಹಾರ್ಮೋನನ್ನು ಗ್ರಹಿಸುವ ಒಂದು ಜೀನ್ ಇದೆ. ಮಿದುಳಿನ ಹಿಪೊಕ್ಯಾಂಪಸ್ ಭಾಗದಲ್ಲಿ ಆ ಜೀನ್‌ನ ಆರಂಭದ ಜಾಗದ ಒಂದು ಗುರುತು, ಚೆನ್ನಾಗಿ ನೆಕ್ಕಿಸಿಕೊಂಡ ಮರಿಗಳಲ್ಲಿ ತುಂಬಾ ಕಡಿಮೆ ಇತ್ತು, ದೊಡ್ಡವಾದ ಮೇಲೂ ಅವು ಒತ್ತಡಕ್ಕೆ ಅಷ್ಟಾಗಿ ಬೆದರುತ್ತಿರಲಿಲ್ಲ. ಮರಿಗಳನ್ನು ಅದಲು ಬದಲು ಮಾಡಿದಾಗ, ಹೆತ್ತ ತಾಯಿ ಯಾರು ಅನ್ನುವುದಕ್ಕಿಂತ ಸಾಕಿದ ತಾಯಿ ಹೇಗೆ ಅನ್ನುವುದೇ ಗೆದ್ದಿತು. ಒಳ್ಳೆಯ ಪ್ರಯೋಗ. ಆದರೆ ಪೇಪರಿನವರು ಇಲಿಯನ್ನು ಬಿಟ್ಟು ‘ತಾಯಿ’ ಅನ್ನುವುದನ್ನು ಮಾತ್ರ ಹಿಡಿದುಕೊಂಡರು. ಇದೇ ತಂಡ 2009ರಲ್ಲಿ, ಬಾಲ್ಯದಲ್ಲಿ ದೌರ್ಜನ್ಯಕ್ಕೆ ಸಿಕ್ಕಿ ಮುಂದೆ ಆತ್ಮಹತ್ಯೆ ಮಾಡಿಕೊಂಡವರ ಮಿದುಳಿನಲ್ಲಿ ಇಂಥದೇ ವ್ಯತ್ಯಾಸ ಕಂಡಿತು, ಆದರೆ ಒಂದೊಂದು ಗುಂಪಿನಲ್ಲಿ ಇದ್ದದ್ದು ಬರೀ 12 ಜನ. ದೌರ್ಜನ್ಯ ಎಲ್ಲಿ, ಅಜ್ಜಿಯ ಹತ್ತಿರ ಮಗು ಬಿಟ್ಟು ಆಫೀಸಿಗೆ ಹೋಗುವುದು ಎಲ್ಲಿ? ನೆಕ್ಕುವುದನ್ನು ಅಜ್ಜಿ ನೋಡಿಕೊಳ್ಳುತ್ತಾರೆ.

ಪ್ರಶ್ನೆ: ಉಗುಳು ಕಳಿಸಿದರೆ ಮಿದುಳಿನ ಮಿಥೈಲೇಶನ್ ರಿಪೋರ್ಟ್ ಕೊಡುತ್ತೇವೆ, ಸರಿಪಡಿಸುವ ಮಾತ್ರೆಯನ್ನೂ ಕೊಡುತ್ತೇವೆ ಅಂತ ಜಾಹೀರಾತು ಬಂತು. ತಗೊಳ್ಳಲಾ?
– ಓದುಗರು, ಹುಬ್ಬಳ್ಳಿ

ಬೇಡ. ಉಗುಳಿನಲ್ಲಿ ಇರುವುದು ಬಾಯಿಯ ಒಳಚರ್ಮದ ಕೋಶ ಮತ್ತು ಬಿಳಿ ರಕ್ತಕಣ, ನರಕೋಶ ಅಲ್ಲ. ಒಂದೊಂದು ಬಗೆಯ ಕೋಶಕ್ಕೂ ಅದರದ್ದೇ ಗುರುತಿನ ವಿನ್ಯಾಸ ಇರುತ್ತದೆ, ಉಗುಳು ನೋಡಿ ಮಿದುಳಿನದ್ದು ಹೇಳಲು ಬರುವುದಿಲ್ಲ. ಮಿಥೈಲ್ ತಯಾರಿಗೆ ದೇಹಕ್ಕೆ ಫೋಲೇಟ್, ಬಿ12 ಬೇಕು ಅನ್ನುವುದು ನಿಜ. ಆದರೆ ನುಂಗಿದ ಮಾತ್ರೆ ಇಂಥದ್ದೇ ಜೀನ್‌ಗೆ ಗುರುತು ಹಾಕು ಅಂತ ಹೇಳಲು ಆಗುತ್ತದೆಯೇ? ಬಿ12 ಕೊರತೆ ಇದೆಯಾ ಅಂತ ಸಾದಾ ರಕ್ತಪರೀಕ್ಷೆ ಮಾಡಿಸಿ, ಸಸ್ಯಾಹಾರಿಗಳಾಗಿದ್ದರೆ ಖಂಡಿತ ಮಾಡಿಸಿ. ಮನೆಯಲ್ಲಿ ಯಾರಾದರೂ ಮಗುವಿಗೆ ಪ್ಲಾನ್ ಮಾಡುತ್ತಿದ್ದರೆ, ಗರ್ಭ ನಿಲ್ಲುವ ಮುಂಚಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ತೆಗೆದುಕೊಳ್ಳಲಿ. ಮಗುವಿನ ಮಿದುಳು, ಬೆನ್ನುಹುರಿಯ ನಳಿಕೆ ಮುಚ್ಚಿಕೊಳ್ಳುವುದು ಮೊದಲ ನಾಲ್ಕು ವಾರಗಳಲ್ಲೇ, ಎಷ್ಟೋ ಸಲ ತಾಯಿಗೆ ಗರ್ಭ ನಿಂತಿದ್ದು ಗೊತ್ತಾಗುವ ಮುಂಚೆಯೇ. ಆ ಮಾತ್ರೆ ಸರ್ಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆ ಸಿಗುತ್ತದೆ.